ಗೆರೆಗಳಲ್ಲಿ ಮೂಡಿದ ಗಗನಯುದ್ಧ

ಕಪ್ಪು ಪರದೆಯ ತುಂಬ ಹೊಳೆಯುವ ಚುಕ್ಕೆಗಳು. ನಡುವೆ ಬಾಣದ ತುದಿಯಂಥ ಒಂದು ಪುಟ್ಟ ನೌಕೆ. ನೋಡನೋಡುತ್ತಿದ್ದಂತೆ ಕೆಲವು ಚುಕ್ಕೆಗಳು ಅರಳಿ, ಮೊನಚು ಮೂಲೆಗಳ ಸಿಡಿಗುಂಡುಗಳಾಗಿ ತೇಲತೊಡಗುತ್ತವೆ. ದೊಡ್ಡದೊಂದನ್ನು ಹೊಡೆದರೆ ಅದಕ್ಕಿಂತ ಚಿಕ್ಕವು ಎರಡು ಹುಟ್ಟಿಕೊಳ್ಳುತ್ತವೆ. ಥೇಟ್ ರಕ್ತಬೀಜಾಸುರನ ಕಥೆ!

ಇದು 'ಮೈನ್ ಸ್ಟಾರ್ಮ್' ಎಂಬ ವಿಡಿಯೊ ಆಟ. 1982ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ 'ವೆಕ್ಟ್ರೆಕ್ಸ್' ಎಂಬ ಯಂತ್ರದೊಳಗೇ ಇದು ಅಡಕವಾಗಿತ್ತು. ಆ ಕಾಲದ ಇತರ ಆಟದ ಯಂತ್ರಗಳನ್ನು ಮನೆಯ ಟಿ.ವಿ.ಗೆ ಜೋಡಿಸಬೇಕಿತ್ತು. ವೆಕ್ಟ್ರೆಕ್ಸ್‌ಗೆ ಮಾತ್ರ ತನ್ನದೇ ಆದ 9 ಅಂಗುಲದ ಪರದೆ. ಜೇ ಸ್ಮಿತ್ ಅವರ ವೆಸ್ಟರ್ನ್ ಟೆಕ್ನಾಲಜೀಸ್ ಸಂಸ್ಥೆ ಇದನ್ನು ರೂಪಿಸಿತು, ಜಿ.ಸಿ.ಇ. ಎಂಬ ಕಂಪೆನಿ ಮಾರಾಟಕ್ಕಿಟ್ಟಿತು. ಬೆಲೆ 199 ಡಾಲರ್.

ಈ ಯಂತ್ರ ಬಾಳಿದ್ದು ಎರಡು ವರ್ಷಕ್ಕಿಂತ ಕಡಿಮೆ. ಹಾಗಿದ್ದೂ ಅದನ್ನು ಇಂದಿಗೂ ಜೋಪಾನ ಮಾಡುವವರಿದ್ದಾರೆ. ಅದಕ್ಕೆ ಕಾರಣ ಆಟದ ಕಥೆಯಲ್ಲ, ಆ ಪರದೆಯ ಬೆಳಕು.

ಲಾಳಿಯೂ ರಂಗೋಲಿಯೂ

ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನೊಳಗೆ ಎಲೆಕ್ಟ್ರಾನುಗಳ ಕಿರಣವೊಂದು ಗಾಜಿನ ಒಳಮೈಗೆ ಬಡಿದು ಬೆಳಕು ಮೂಡಿಸುತ್ತದೆ. ಮಗ್ಗದ ಲಾಳಿಯಂತೆ ಅದು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓಡುತ್ತದೆ. ಚಿತ್ರವಿರಲಿ, ಬರೀ ಕತ್ತಲೆಯಿರಲಿ, ಒಂದು ಸಾಲನ್ನೂ ಬಿಡುವಂತಿಲ್ಲ.

ವೆಕ್ಟ್ರೆಕ್ಸ್‌ನಲ್ಲಿರುವುದೂ ಪಿಕ್ಚರ್ ಟ್ಯೂಬೇ. ಆದರೆ ಅಲ್ಲಿ ಕಿರಣದ ನಡೆ ಬೇರೆ. ರಂಗೋಲಿ ಇಡುವವರ ಬೆರಳು ಚುಕ್ಕೆಯಿಂದ ಚುಕ್ಕೆಗೆ ಹೋಗುವ ಹಾಗೆ, ಗೆರೆ ಬೇಕಾದ ಕಡೆ ಮಾತ್ರ ಅದು ಚಲಿಸುತ್ತದೆ. ಉಳಿದ ಪರದೆ ಅಪ್ಪಟ ಕತ್ತಲೆ. ಎಳೆದ ಗೆರೆ ಕ್ಷಣಾರ್ಧದಲ್ಲಿ ಮಾಸುವುದರಿಂದ ಇಡೀ ಚಿತ್ರವನ್ನು ಸೆಕೆಂಡಿಗೆ ಸುಮಾರು 50 ಬಾರಿ ಮತ್ತೆ ಮತ್ತೆ ಬರೆಯಬೇಕು.

ಇದರಿಂದ ದೊಡ್ಡ ಲಾಭವಿತ್ತು. ಪರದೆಯ ಪ್ರತಿಯೊಂದು ಚುಕ್ಕೆಯ ಲೆಕ್ಕವನ್ನೂ ಇಟ್ಟುಕೊಳ್ಳಲು ಬಹಳಷ್ಟು ಮೆಮೊರಿ ಬೇಕು. ಆಗ ಅದು ದುಬಾರಿ ವಸ್ತು. ಗೆರೆಗಾದರೋ ಎಲ್ಲಿಂದ ಎಲ್ಲಿಗೆ ಎಂಬಷ್ಟು ಗೊತ್ತಿದ್ದರೆ ಸಾಕು. ವೆಕ್ಟ್ರೆಕ್ಸ್ ಕೇವಲ 1 ಕಿಲೋಬೈಟ್ ಕೆಲಸದ ಮೆಮೊರಿಯಲ್ಲಿ ಕೂದಲೆಳೆಯಷ್ಟು ನಯವಾದ ಚಿತ್ರ ಬರೆಯಿತು. ಓರೆ ಗೆರೆಯೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿರಲಿಲ್ಲ.

ಕೊರತೆಗಳೂ ಇದ್ದವು. ಗೆರೆಗಳು ಹೆಚ್ಚಿದಷ್ಟೂ ಚಿತ್ರ ಮಿಣುಕುತ್ತಿತ್ತು. ಬಣ್ಣವಂತೂ ಇರಲೇ ಇಲ್ಲ. ಆ ಕೊರತೆ ತುಂಬಲು ಪ್ರತಿ ಆಟದ ಜೊತೆ ಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ಕೊಡುತ್ತಿದ್ದರು. ಅದನ್ನು ಪರದೆಯ ಮುಂದೆ ಸಿಕ್ಕಿಸಿ ಆಡಬೇಕಿತ್ತು.

13ರ ಗಂಡಾಂತರ

ಈ ಆಟಕ್ಕೊಂದು ವಂಶಾವಳಿಯಿದೆ. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು 'ಸ್ಪೇಸ್‌ವಾರ್' ಎಂಬ ಆಟ ರಚಿಸಿ, ಕಂಪ್ಯೂಟರಿನ ದುಂಡು ಪರದೆಯ ಮೇಲೆ ಎರಡು ನೌಕೆಗಳನ್ನು ಕಾದಾಡಿಸಿದ್ದರು. 1979ರಲ್ಲಿ ಅಟಾರಿ ಕಂಪೆನಿಯ 'ಆಸ್ಟರಾಯ್ಡ್ಸ್' ಗೆರೆಚಿತ್ರದ ಗಗನಯುದ್ಧವನ್ನು ಆಟದ ಅಂಗಡಿಗಳಿಗೆ ತಂದು ಜಯಭೇರಿ ಬಾರಿಸಿತು. ಮೈನ್ ಸ್ಟಾರ್ಮ್ ಅದೇ ದಾರಿ ಹಿಡಿದು, ಗೆರೆಗಳ ಯುದ್ಧವನ್ನು ಮನೆಯ ಮೇಜಿನ ಮೇಲಿಟ್ಟಿತು.

ಅದರಲ್ಲೊಂದು ದೋಷ ಉಳಿದುಬಿಟ್ಟಿತ್ತು. ಹರಸಾಹಸ ಮಾಡಿ 13ನೇ ಹಂತ ತಲುಪಿದವರ ಆಟ ಅಲ್ಲಿಗೇ ಕುಸಿದುಬೀಳುತ್ತಿತ್ತು. ದೂರಿ ಕಾಗದ ಬರೆದವರಿಗೆ ಕಂಪೆನಿ, ದೋಷ ತಿದ್ದಿದ 'ಮೈನ್ ಸ್ಟಾರ್ಮ್ 2' ಕಾರ್ಟ್ರಿಜ್ ಕಳಿಸಿಕೊಟ್ಟಿತು. ಹಾಗೆ ಬರೆದವರು ಕಡಿಮೆ. ಆದ್ದರಿಂದ ಆ ಕಾರ್ಟ್ರಿಜ್ ಇಂದು ಸಂಗ್ರಾಹಕರ ಪಾಲಿಗೆ ಅಪರೂಪದ ವಸ್ತು.

1983ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪೆನಿ ಜಿ.ಸಿ.ಇ.ಯನ್ನು ಕೊಂಡಿತು. ಅದೇ ವರ್ಷ ಅಮೆರಿಕದ ವಿಡಿಯೊ ಆಟದ ಮಾರುಕಟ್ಟೆ ನೆಲಕಚ್ಚಿತು. 1984ರಲ್ಲಿ ವೆಕ್ಟ್ರೆಕ್ಸ್ ತಯಾರಿಕೆ ನಿಂತಿತು.

ಉಳಿದದ್ದು, ಉಳಿಯದ್ದು

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ, ಲಾಭದ ಉದ್ದೇಶವಿಲ್ಲದೆ ಈ ಆಟಗಳನ್ನು ಪ್ರತಿ ಮಾಡಿಕೊಳ್ಳಲು ಜೇ ಸ್ಮಿತ್ ಅನುಮತಿ ಕೊಟ್ಟರು. ಹವ್ಯಾಸಿಗಳು ಹಳೆಯ ಯಂತ್ರಕ್ಕೆ ಹೊಸ ಆಟಗಳನ್ನೂ ಬರೆದರು. ಇಂದು ಯಾವುದೇ ಕಂಪ್ಯೂಟರಿನಲ್ಲಿ ಮೈನ್ ಸ್ಟಾರ್ಮ್ ಆಡಬಹುದು.

ಆದರೆ ಅಲ್ಲಿ ಕಾಣುವುದು ನಕಲು ಗೆರೆ. ಇಂದಿನ ಚಪ್ಪಟೆ ಪರದೆಗಳೆಲ್ಲ ಚುಕ್ಕೆಗಳ ಸಾಲುಗಳೇ. ಕಿರಣ ನಿಂತ ಕಡೆ ಗುಂಡು ಉರಿದು ಹೊಳೆಯುವ ಬಗೆ, ಸರಿದ ಮೇಲೂ ಅರೆಗಳಿಗೆ ಉಳಿಯುವ ಮಂದ ಬೆಳಕು, ಸುತ್ತಲಿನ ಗಾಢ ಕತ್ತಲೆ, ಇವನ್ನು ಅವು ಹತ್ತಿರ ಹತ್ತಿರ ಅನುಕರಿಸಬಲ್ಲವು, ಅಷ್ಟೆ. ಅಸಲಿ ಗೆರೆಗೆ ಪಿಕ್ಚರ್ ಟ್ಯೂಬೇ ಬೇಕು. ಜಗತ್ತಿನಾದ್ಯಂತ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಬಹುತೇಕ ಬಾಗಿಲು ಹಾಕಿವೆ. ಉಳಿದ ವೆಕ್ಟ್ರೆಕ್ಸ್‌ಗಳಲ್ಲಿ ಒಂದೊಂದು ಟ್ಯೂಬ್ ಕೆಟ್ಟಾಗಲೂ ಅಷ್ಟು ಬೆಳಕು ಲೋಕದಿಂದ ಕಡಿಮೆಯಾಗುತ್ತದೆ.

ಹಾಡಿನ ಸ್ವರಲಿಪಿಯನ್ನು ಕಾಪಿಡಬಹುದು. ಅದನ್ನು ಹಾಡಿದ ಕಂಠವನ್ನು ಕಾಪಿಡುವುದು ಕಷ್ಟ. ಮೈನ್ ಸ್ಟಾರ್ಮ್‌ನ ಲಿಪಿ ಈಗ ಭದ್ರವಾಗಿದೆ. ಅದರ ಕಂಠ ಮಾತ್ರ ಕೆಲವರ ಮನೆಯ ಕಪಾಟುಗಳಲ್ಲಿ, ಸ್ವಿಚ್ ಹಾಕಿದಾಗಷ್ಟೇ ಎಚ್ಚರಗೊಳ್ಳುತ್ತದೆ.