ಬ್ಯಾಜರ್ ಕುರಿತು ಸ್ವಂತ ಪ್ರಬಂಧ

ಬ್ಯಾಜರ್ ಎಂಬ ಪ್ರಾಣಿಯನ್ನು ಕುರಿತು ಬರೆಯಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ವಿಶ್ವಕೋಶದಿಂದ ಅದರ ಬಣ್ಣ, ಬಿಲ, ಆಹಾರಗಳ ವರ್ಣನೆಯನ್ನು ಇಳಿಸಿಕೊಂಡು ತೃಪ್ತರಾಗುತ್ತಾರೆ. ಅದನ್ನು ಪ್ರಬಂಧವೆನ್ನುವುದು ಕಷ್ಟ. ಮೊದಲು ಯಾವ ಬ್ಯಾಜರ್ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮುಖದ ಮೇಲೆ ಕಪ್ಪು ಬಿಳುಪು ಪಟ್ಟೆಗಳುಳ್ಳ ಯೂರೋಪಿನ ಪ್ರಾಣಿಯೇ ಬೇರೆ, ಜೇನುಪ್ರಿಯವಾದ ನಮ್ಮ ತರಕರಡಿಯೇ ಬೇರೆ. ಅನಂತರ ಒಂದು ಪ್ರಶ್ನೆ ಬೇಕು.

ಇಂಗ್ಲೆಂಡಿನಲ್ಲಿ ಬ್ಯಾಜರುಗಳಿಂದ ದನಗಳಿಗೆ ಕ್ಷಯರೋಗ ಹರಡುವುದುಂಟು. ಹಾಗಾದರೆ ಅವನ್ನು ಕೊಂದರೆ ರೋಗ ಇಳಿಯುವುದೇ? ಇದನ್ನರಿಯಲು 1998ರಲ್ಲಿ ಅಲ್ಲಿ ಆರಂಭವಾದ ಪ್ರಯೋಗದಲ್ಲಿ ಸುಮಾರು 11,000 ಬ್ಯಾಜರುಗಳು ಹತವಾದುವು. 2007ರ ಅಂತಿಮ ವರದಿಯಂತೆ, ವ್ಯಾಪಕವಾಗಿ ಕೊಂದ ಪ್ರದೇಶಗಳ ಒಳಗೆ ದನಗಳ ರೋಗ ತಗ್ಗಿತು. ಆದರೆ ಸುತ್ತಲಿನ ಅಂಚಿನಲ್ಲಿ ಹೆಚ್ಚಿತು! ಗುಂಪು ಒಡೆದಾಗ ಉಳಿದ ಪ್ರಾಣಿಗಳು ತಮ್ಮ ಎಲ್ಲೆಯನ್ನು ಮೀರಿ ಅಲೆದು ಸೋಂಕನ್ನು ಹರಡಿದುವೆಂಬುದು ವಿಜ್ಞಾನಿಗಳ ವಿವರಣೆ. 2024ರಲ್ಲಾದರೋ, ಅವೇ ಅಂಕಿಗಳನ್ನು ಬೇರೊಂದು ಕ್ರಮದಿಂದ ಗುಣಿಸಿ ನೋಡಿದ ಕೆಲವರು, ಕೊಂದುದರ ಪರಿಣಾಮವೇ ಕಾಣದೆಂದರು. ಇನ್ನು ಕೆಲವರು ಅದನ್ನು ಒಪ್ಪಲಿಲ್ಲ.

ಪ್ರಬಂಧಕಾರನ ಕೆಲಸ ಮೊದಲಾಗುವುದು ಇಲ್ಲಿಯೇ. ಎರಡು ಲೆಕ್ಕಗಳನ್ನೂ ಎದುರುಬದುರಾಗಿ ಇರಿಸಿಕೊಂಡು, ಅವು ಎಲ್ಲಿ ಕವಲೊಡೆದುವೆಂಬುದನ್ನು ತನ್ನ ಮಾತಿನಲ್ಲಿ ಬರೆಯಲಿ. ಪ್ರತಿಯೊಂದು ಅಂಕಿಯೂ ಯಾವ ವರದಿಯದೆಂಬುದನ್ನು ಬದಿಯಲ್ಲಿಯೇ ಸೂಚಿಸಲಿ.