ಕಲ್ಲಿನ ಮಸಿ, ಬಿಸಿಲಿನ ನೀಲಿ

ಕೈಯಚ್ಚು ಎಂದರೆ ಒಂದೊಂದೇ ಹಾಳೆಯಾಗಿ ಕೈಯಿಂದ ಮೂಡಿಸುವ ಚಿತ್ರ. ಕಲಾಶಾಲೆಗಳಲ್ಲಿ ಇದನ್ನು ಗ್ರಾಫಿಕ್ ಕಲೆ, ಮುದ್ರಣಕಲೆ ಎಂದು ಕರೆಯುತ್ತಾರೆ. ಇಲ್ಲಿ ಕಲಾವಿದ ನೇರವಾಗಿ ಕಾಗದದ ಮೇಲೆ ಬರೆಯುವುದಿಲ್ಲ. ಮರ, ಲಿನೋಲಿಯಂ, ತಾಮ್ರ, ಸತು, ಕಲ್ಲು, ಬಟ್ಟೆಯ ಜಾಲರಿ ಇವುಗಳಲ್ಲಿ ಯಾವುದಾದರೂ ಒಂದರ ಮೇಲೆ ಕೆಲಸ ಮಾಡಿ, ಅಲ್ಲಿಂದ ಕಾಗದಕ್ಕೆ ಇಳಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದ ಫೋಟೊಗ್ರಫಿಯೂ ಇಂಥದ್ದೇ ಕೈಕೆಲಸವಾಗಿತ್ತು. ರಾಸಾಯನಿಕವನ್ನು ಕಾಗದಕ್ಕೆ ಬಳಿಯಬೇಕು, ಬಿಸಿಲಿಗೆ ಒಡ್ಡಬೇಕು, ನೀರಿನಲ್ಲಿ ತೊಳೆಯಬೇಕು. ಈ ಎರಡನ್ನೂ ಬೆರೆಸಿ ಪ್ರಯೋಗ ಮಾಡುವ ಕಲಾವಿದರು ಈಗ ಹಲವರಿದ್ದಾರೆ. ಗ್ಯಾಲರಿಗಳಲ್ಲಿ ಪ್ರಯೋಗ ಎನ್ನಿಸಿಕೊಳ್ಳುವ ಈ ಕೆಲಸಗಳಲ್ಲಿ ಬಹುಪಾಲು ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ಊರುಗಳಿಗೆ ಹೊಸತೇನಲ್ಲ. ಅವು ಅಲ್ಲಿ ಬೇರೆ ಹೆಸರಿನಲ್ಲಿ, ಬೇರೆ ಹೊಟ್ಟೆಪಾಡಿನ ಭಾಗವಾಗಿ ಇದ್ದವು.

ಈ ಸೀಮೆಯ ಅತ್ಯಂತ ಸರಳವಾದ ಕೈಯಚ್ಚು ಶಾಸನದ ಪಡಿಯಚ್ಚು. ಬೆಂಗಳೂರಿನಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು, ಹೊರಬಂದದ್ದು 1904ರಲ್ಲಿ. ದೇವಸ್ಥಾನದ ಗೋಡೆ, ಕೆರೆಯ ಏರಿ, ಹೊಲದ ಬದು, ಊರ ಬಾಗಿಲಿನ ವೀರಗಲ್ಲು, ಹೀಗೆ ಎಲ್ಲೆಲ್ಲೋ ನಿಂತಿದ್ದ ಬರಹ ಪುಸ್ತಕಕ್ಕೆ ಬಂತು. ಶಾಸನವನ್ನು ಕಣ್ಣಿನಿಂದ ಓದಿ ಬರೆದುಕೊಂಡರೆ ಓದುವವನ ತಪ್ಪೂ ಜೊತೆಗೆ ಬರುತ್ತದೆ. ಆದ್ದರಿಂದ ಕಲ್ಲಿನ ಅಚ್ಚನ್ನೇ ತೆಗೆಯುವ ಪದ್ಧತಿ ಬೆಳೆಯಿತು.

ಅದರ ಕ್ರಮ ಹೀಗೆ. ಮೊದಲು ಕಲ್ಲಿನ ಪಾಚಿ, ಸುಣ್ಣ, ಎಣ್ಣೆಜಿಡ್ಡನ್ನೆಲ್ಲ ಉಜ್ಜಿ ತೊಳೆಯಬೇಕು. ನೆನೆಸಿದ ತೆಳುವಾದ, ಆದರೆ ಗಟ್ಟಿಯಾದ ಕಾಗದವನ್ನು ಕಲ್ಲಿಗೆ ಅಂಟಿಸಿ, ಬಿರುಸಾದ ಬ್ರಷ್‌ನಿಂದ ಕುಟ್ಟಬೇಕು. ಕಾಗದ ಅಕ್ಷರದ ಗುಳಿಯೊಳಕ್ಕೆ ಇಳಿಯುತ್ತದೆ. ನೀರಿನ ಪಸೆ ಆರುತ್ತ ಬಂದಾಗ, ಮಸಿ ಸವರಿದ ಬಟ್ಟೆಯುಂಡೆಯಿಂದ ಮೇಲೆ ಮೆಲ್ಲಗೆ ತಟ್ಟುತ್ತ ಹೋಗಬೇಕು. ಉಬ್ಬಿದ ಜಾಗವೆಲ್ಲ ಕಪ್ಪಾಗುತ್ತದೆ. ಗುಳಿಗೆ ಮಸಿ ಮುಟ್ಟುವುದಿಲ್ಲವಾದ್ದರಿಂದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಹಾಳೆಯನ್ನು ಬಿಡಿಸಿಕೊಂಡರೆ ಆಳೆತ್ತರದ ಕಲ್ಲು ಸುರುಳಿಯಾಗಿ ಕಂಕುಳಲ್ಲಿ ಬರುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗ ಮೈಸೂರಿನಲ್ಲಿದೆ. ದೇಶದ ನಾನಾ ಕಡೆಯಿಂದ ತಂದ ಇಂಥ ಪಡಿಯಚ್ಚುಗಳು ಅಲ್ಲಿ ಜೋಪಾನವಾಗಿವೆ.

ಪಡಿಯಚ್ಚು ತೆಗೆಯುವವರು ತಮ್ಮನ್ನು ಕಲಾವಿದರೆಂದು ಕರೆದುಕೊಂಡವರಲ್ಲ. ಆದರೂ ಮಸಿ ಎಷ್ಟಿರಬೇಕು, ಕಾಗದ ಎಷ್ಟು ಹಸಿಯಿರಬೇಕು, ಕೈ ಎಷ್ಟು ಭಾರವಿರಬೇಕು ಎಂಬ ಅಂದಾಜು ಕಲಾವಿದನದ್ದೇ. ಹಸಿ ಹೆಚ್ಚಾದರೆ ಮಸಿ ಹರಡಿ ಅಕ್ಷರ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಒಂದೇ ಕಲ್ಲಿನಿಂದ ಇಬ್ಬರು ತೆಗೆದ ಎರಡು ಅಚ್ಚುಗಳನ್ನು ಪಕ್ಕಪಕ್ಕ ಹರಡಿದರೆ ಕೈಯ ವ್ಯತ್ಯಾಸ ಕಾಣುತ್ತದೆ. ಬಿರುಕು, ಮಳೆ ತಿಂದ ಗುರುತು, ಯಾರೋ ಕತ್ತಿ ಮಸೆದ ಗೆರೆ, ಇವೂ ಹಾಳೆಯ ಮೇಲೆ ಬರುತ್ತವೆ. ಲಿಪಿಜ್ಞರಿಗೆ ಇವು ತೊಡಕು, ಚಿತ್ರಕಾರರಿಗೆ ಸಂಪತ್ತು.

ಇನ್ನೊಂದು ಸೂಕ್ಷ್ಮವಿದೆ. ಪಡಿಯಚ್ಚಿನಲ್ಲಿ ಮಸಿ ಬೀಳುವುದು ಕಾಗದದ ಹೊರಮೈಗೆ. ಕಲ್ಲು ಒಳಗಡೆ ಇರುತ್ತದೆ. ಹೀಗಾಗಿ ಅಕ್ಷರ ನೆಟ್ಟಗೇ ಬರುತ್ತದೆ. ಮರದ ಅಚ್ಚಿನಲ್ಲಿ ಮಸಿಯನ್ನು ಮರಕ್ಕೇ ಹಚ್ಚಿ ಅದರ ಮೇಲೆ ಕಾಗದ ಒತ್ತುವುದರಿಂದ ಎಡ ಬಲವಾಗುತ್ತದೆ. ಮರ ಕೆತ್ತುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕು. ಮುದ್ರಣಕಲೆ ಕಲಿಯುವವರು ಮೊದಲು ಎಡವುವುದು ಇಲ್ಲಿಯೇ, ಅದರಲ್ಲೂ ಹೆಸರು ಕೆತ್ತುವಾಗ.

ಗುಬ್ಬಿ ತಾಲ್ಲೂಕಿನ ಕಡಬ ಗ್ರಾಮದ ತಾಮ್ರಶಾಸನ ಈ ಲೆಕ್ಕಕ್ಕೆ ಮತ್ತೊಂದು ತಿರುವು ಕೊಡುತ್ತದೆ. ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಕಾಲದ, ಸುಮಾರು ಸಾ.ಶ. 812ರ ದಾನವನ್ನು ಹೇಳುವ ಹಲಗೆಗಳು ಅವು. ತಾಮ್ರದ ಹಲಗೆ, ಅದರಲ್ಲಿ ಕೊರೆದ ಗೆರೆ: ಯೂರೋಪಿನಲ್ಲಿ ಹದಿನೈದನೆಯ ಶತಮಾನದಲ್ಲಿ ಬೆಳೆದ ತಾಮ್ರಫಲಕದ ಮುದ್ರಣಕ್ಕೆ ಬೇಕಾದದ್ದೂ ಇಷ್ಟೇ. ಗೆರೆಯೊಳಗೆ ಮಸಿ ತುಂಬಿ, ಮೇಲ್ಮೈ ಒರಸಿ, ಹಸಿ ಕಾಗದವಿಟ್ಟು ಬಿಗಿಯಾಗಿ ಒತ್ತಿದರೆ ಗುಳಿಯ ಮಸಿ ಕಾಗದಕ್ಕೆ ಎದ್ದು ಬರುತ್ತದೆ. ನಮ್ಮ ಕಂಡರಣೆಗಾರರು ಅಕ್ಷರ ಕೊರೆದದ್ದು ಓದುವುದಕ್ಕೆ, ಪ್ರತಿ ಎತ್ತುವುದಕ್ಕಲ್ಲ. ಕಾಗದ ಅವರ ಬಳಿಗೆ ಬರಲು ಇನ್ನೂ ಶತಮಾನಗಳು ಬೇಕಾಗಿದ್ದವು.

ಎಚ್ಚಿಂಗ್‌ನಲ್ಲಿ ಕೊರೆಯುವ ಕೆಲಸವನ್ನು ಆಮ್ಲಕ್ಕೆ ಬಿಡಲಾಗುತ್ತದೆ. ಸತು ಅಥವಾ ತಾಮ್ರದ ತಗಡಿಗೆ ಮೇಣ ಬೆರೆತ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಮುಳುಗಿಸುತ್ತಾರೆ. ಲೇಪ ಕಿತ್ತ ಕಡೆಯಲ್ಲಿ ಮಾತ್ರ ಲೋಹ ಸವೆಯುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗಿ, ಅಚ್ಚಿನಲ್ಲಿ ಕಪ್ಪು ಗಾಢವಾಗುತ್ತದೆ. ಈ ಆಳದ ಆಟವನ್ನೇ ಬಣ್ಣಕ್ಕೆ ಹಿಗ್ಗಿಸಿದವರು ಕೃಷ್ಣ ರೆಡ್ಡಿ. 1925ರಲ್ಲಿ, ಕೋಲಾರಕ್ಕೆ ಹೊಂದಿಕೊಂಡ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದ ಅವರು ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ನಡೆಸುತ್ತಿದ್ದ ‘ಅಟೆಲಿಯರ್ 17’ ಎಂಬ ಕಾರ್ಯಾಗಾರ ಸೇರಿದರು. ಒಂದೇ ಫಲಕವನ್ನು ಹಲವು ಮಟ್ಟಗಳಲ್ಲಿ ಕೊರೆದು, ಎಣ್ಣೆಯ ಪ್ರಮಾಣ ಬೇರೆ ಬೇರೆ ಇರುವ ಮಸಿಗಳನ್ನು ಮೆತ್ತನೆಯ ಮತ್ತು ಗಟ್ಟಿ ರೋಲರ್‌ಗಳಿಂದ ಹಚ್ಚಿದರೆ, ಒಂದು ಬಣ್ಣ ಇನ್ನೊಂದನ್ನು ತಳ್ಳಿ ತನ್ನ ಮಟ್ಟದಲ್ಲಿಯೇ ನಿಲ್ಲುತ್ತದೆ. ವಿಸ್ಕಾಸಿಟಿ ಮುದ್ರಣ ಎಂಬ ಈ ವಿಧಾನವನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಕನ್ನಡದ ಓದುಗರಿಗೆ ‘ಸುಧಾ’, ‘ಪ್ರಜಾವಾಣಿ’ಗಳ ರೇಖಾಚಿತ್ರಗಳಿಂದ ಪರಿಚಿತರಾದ ಚಂದ್ರನಾಥ ಆಚಾರ್ಯರೂ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಮೇಲೆ ಶಾಂತಿನಿಕೇತನದಲ್ಲಿ ಮುದ್ರಣಕಲೆ ಅಭ್ಯಾಸ ಮಾಡಿದವರು.

ಕಲ್ಲಚ್ಚು ಕನ್ನಡಕ್ಕೆ ಇನ್ನೂ ಹತ್ತಿರದ್ದು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಮೊದಲು ಅಚ್ಚಾದದ್ದು ಕಲ್ಲಿನಿಂದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯಲ್ಲಿ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಮಸಿ ಬರಹಕ್ಕಷ್ಟೇ ಅಂಟಿ ಉಳಿದ ಜಾಗವನ್ನು ಬಿಡುತ್ತದೆ. ಎಣ್ಣೆ ನೀರು ಬೆರೆಯವು ಎಂಬ ಅಡುಗೆಮನೆಯ ತಿಳಿವಳಿಕೆಯೇ ಇಲ್ಲಿನ ಸೂತ್ರ.

ಫೋಟೊಗ್ರಫಿ ಕರ್ನಾಟಕದ ಕಲ್ಲುಗಳ ಬಳಿಗೆ ಬಂದದ್ದು ಇದಾದ ಹತ್ತು ವರ್ಷಗಳ ಆಚೆಗೆ. ಮದ್ರಾಸ್ ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದರು. ಅದೇ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಚಿತ್ರಿಸಿದರು. ಇಬ್ಬರದೂ ಕಾಗದದ ನೆಗೆಟಿವ್. ಮೇಣ ಹೀರಿಸಿದ ಕಾಗದವನ್ನು ಬೆಳ್ಳಿಯ ಲವಣದಿಂದ ಹದಮಾಡಿಟ್ಟುಕೊಂಡರೆ ಒಣಗಿದ ಮೇಲೂ ಬಳಸಬಹುದಿತ್ತು. ಗಾಜಿನ ಭಾರ ಹೊತ್ತು ಗಾಡಿಯಲ್ಲಿ ಅಲೆಯುವ ಕಷ್ಟ ತಪ್ಪುತ್ತಿತ್ತು. ಆದರೆ ಒಂದು ಚಿತ್ರಕ್ಕೆ ಹಲವು ನಿಮಿಷ ಕಾಯಬೇಕು, ಆಕಾಶ ಚಪ್ಪಟೆಯಾಗಿ ಕಲೆಗಟ್ಟುತ್ತದೆ, ಗಾಳಿಗೆ ಅಲುಗುವ ಎಲೆ ಕಲಸಿಹೋಗುತ್ತದೆ. ಟ್ರೈಪ್ ಇದಕ್ಕೆ ಉಪಾಯ ಮಾಡಿದರು: ನೆಗೆಟಿವ್ ಮೇಲೆಯೇ ಕುಂಚ ಹಿಡಿದು ಮೋಡ, ಎಲೆಗಳನ್ನು ತಿದ್ದಿದರು. ಕ್ಯಾಮೆರಾ ಕಂಡದ್ದನ್ನು ಕೈ ಸರಿಪಡಿಸುವ ಅಭ್ಯಾಸ ಫೋಟೊಗ್ರಫಿಯಷ್ಟೇ ಹಳೆಯದು. ಫೋಟೊ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ಟ್ರೈಪ್ ಅವರ ಮೋಡಗಳು ನಂಬಗೊಡುವುದಿಲ್ಲ.

ಇಂದು ಪ್ರಯೋಗಶೀಲ ಕಲಾವಿದರು ಹೆಚ್ಚು ನೆಚ್ಚಿಕೊಂಡಿರುವುದು ಬೆಳ್ಳಿಯನ್ನಲ್ಲ, ಕಬ್ಬಿಣವನ್ನು. ಸಯನೊಟೈಪ್ ಎಂಬ ನೀಲಿ ಅಚ್ಚನ್ನು 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದರು. ಮರುವರ್ಷದಿಂದ ಆ್ಯನಾ ಅಟ್ಕಿನ್ಸ್ ಕ್ಯಾಮೆರಾವೇ ಇಲ್ಲದೆ ಸಮುದ್ರದ ಪಾಚಿಗಳನ್ನು ಕಾಗದದ ಮೇಲಿಟ್ಟು ಪುಸ್ತಕವೊಂದನ್ನು ಕಂತುಕಂತಾಗಿ ಹೊರತಂದರು. ಮುಂದೆ ಎಂಜಿನಿಯರುಗಳು ಕಟ್ಟಡದ ನಕ್ಷೆಗಳ ಪ್ರತಿ ತೆಗೆಯಲು ಇದನ್ನು ಹಿಡಿದರು. ನೀಲಿ ಹಾಳೆ, ಅದರ ಮೇಲೆ ಬಿಳಿ ಗೆರೆ. ಕನ್ನಡದಲ್ಲಿ ಯಾವುದೇ ಯೋಜನೆಗೆ ‘ನೀಲನಕ್ಷೆ’ ಎನ್ನುವ ರೂಢಿಯ ಮೂಲ ಈ ರಾಸಾಯನಿಕದ ಬಣ್ಣ.

ಎರಡು ಲವಣ ಸಾಕು. 100 ಮಿಲಿಲೀಟರ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಸೀಸೆಯಲ್ಲಿ, ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದರಲ್ಲಿ. ಬಳಸುವ ಹೊತ್ತಿಗೆ ಸಮಸಮ ಬೆರೆಸಿ, ಮಬ್ಬು ಬೆಳಕಿನ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಬೇಕು. ಒಣಗಿದ ಹಾಳೆ ಹಸಿರುಹಳದಿ. ಅದರ ಮೇಲೆ ಹುಣಸೆಯ ಸಣ್ಣೆಲೆಯ ಕಡ್ಡಿಯನ್ನೋ, ತೆಂಗಿನ ಗರಿಯ ಬುಡದ ಜಾಲರಿಯನ್ನೋ ಇಟ್ಟು ಗಾಜು ಮುಚ್ಚಿ ಬಿಸಿಲಿಗೆ ಇಡುವುದು ಒಂದು ದಾರಿ. ಫೋಟೊ ಬೇಕಿದ್ದರೆ, ಡಿಜಿಟಲ್ ಚಿತ್ರವನ್ನು ನೆಗೆಟಿವ್ ಮಾಡಿ ಪಾರದರ್ಶಕ ಶೀಟಿನ ಮೇಲೆ ಪ್ರಿಂಟ್ ತೆಗೆಸಿ ಇಡಬೇಕು. ತುಮಕೂರು ಸೀಮೆಯ ಬೇಸಿಗೆಯ ಮಧ್ಯಾಹ್ನದಲ್ಲಿ ಕೆಲವೇ ನಿಮಿಷ ಸಾಕು. ಮೋಡ ಕವಿದ ಆಷಾಢದಲ್ಲಿ ಬಹಳ ಹೊತ್ತು ಬೇಕು. ಬೆಳಕು ಬಿದ್ದ ಭಾಗ ಬೂದಿಬಣ್ಣಕ್ಕೆ ತಿರುಗಿದಾಗ ತೆಗೆದು ತೊಳೆದರೆ, ಬೆಳಕು ಕಾಣದ ಲವಣ ಹಳದಿಯಾಗಿ ಹರಿದುಹೋಗಿ ನೀಲಿ ಉಳಿಯುತ್ತದೆ.

ಊರಿನ ನೀರು ಇಲ್ಲಿ ಅಡ್ಡ ಬರುತ್ತದೆ. ಈ ನೀಲಿಗೆ ಕ್ಷಾರ ಆಗದು. ಕೊಳವೆಬಾವಿಯ ಗಡಸು ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ಪೇಲವವಾಗುತ್ತದೆ. ತೊಳೆಯುವ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ತಡೆಯಬಹುದು. ಫೆರಿಸಯನೈಡಿಗೆ ಪ್ರಬಲ ಆಮ್ಲ ಮಾತ್ರ ಸೋಕಕೂಡದು, ವಿಷಾನಿಲ ಹುಟ್ಟೀತು. ಕ್ಷಾರದ ಈ ಕಾಟವನ್ನೇ ಉಪಾಯವಾಗಿ ತಿರುಗಿಸಿಕೊಳ್ಳುವವರೂ ಇದ್ದಾರೆ. ವಾಷಿಂಗ್ ಸೋಡಾದ ತೆಳು ನೀರಿನಲ್ಲಿ ನೀಲಿಯನ್ನು ಕಳೆದು, ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದರೆ ಚಿತ್ರ ಕಂದುಗಪ್ಪಾಗಿ ಮರಳುತ್ತದೆ. ಚಹಾದ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುವುದೇ ಇದಕ್ಕೆ ಕಾರಣ. ಅಳಲೆಕಾಯಿ, ತಂಗಡಿ ತೊಗಟೆಗಳಲ್ಲೂ ಅದೇ ಒಗರಿದೆ; ಅಳಲೆಕಾಯಿಗೆ ಕಬ್ಬಿಣ ಬೆರೆಸಿ ಮಸಿ ಮಾಡುತ್ತಿದ್ದವರಿಗೆ ಈ ಕ್ರಿಯೆ ಗೊತ್ತೇ ಇತ್ತು.

ಕಲಾವಿದರು ನೆಚ್ಚಿಕೊಂಡ ಎರಡನೆಯ ವಿಧಾನ ಗೋಂದಿನ ಅಚ್ಚು. ಜಾಲಿ ಜಾತಿಯ ಮರದ ಗೋಂದು, ಜಲವರ್ಣ, ಬೈಕ್ರೋಮೇಟ್ ಲವಣ ಮೂರನ್ನೂ ಬೆರೆಸಿ ಬಳಿದರೆ, ಬೆಳಕು ಬಿದ್ದ ಕಡೆ ಗೋಂದು ಗಟ್ಟಿಯಾಗಿ ನೀರಿಗೆ ಕರಗದು. ಉಳಿದದ್ದನ್ನು ತೊಳೆದು, ಬೇಕೆನಿಸಿದ ಕಡೆ ಕುಂಚದಿಂದ ಕೆದರಿ, ಮತ್ತೆ ಬೇರೆ ಬಣ್ಣ ಬಳಿದು, ಹೀಗೆ ಪದರದ ಮೇಲೆ ಪದರ ಏರಿಸಬಹುದು. ಫಲಿತಾಂಶ ಫೋಟೊದಂತೆಯೂ ಇರುತ್ತದೆ, ಚಿತ್ರದಂತೆಯೂ ಇರುತ್ತದೆ. ಬೈಕ್ರೋಮೇಟ್ ವಿಷ, ಕೈಗವಸಿಲ್ಲದೆ ಮುಟ್ಟಬಾರದು, ಚರಂಡಿಗೆ ಸುರಿಯಲೂಬಾರದು.

ಬೆಳಕಿಗೆ ಗಟ್ಟಿಯಾಗುವ ಇದೇ ಗುಣ ಜಿಲ್ಲಾ ಪಟ್ಟಣಗಳ ಅಚ್ಚುಕೂಟವನ್ನು ಬಹುಕಾಲ ಸಾಕಿತು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಪತ್ರಿಕೆಗೋ ಕರಪತ್ರಕ್ಕೋ ಫೋಟೊ ಬೇಕಾದರೆ ‘ಬ್ಲಾಕ್’ ಮಾಡಿಸಬೇಕಿತ್ತು. ಸತುವಿನ ತಗಡಿಗೆ ಲೇಪ ಹಚ್ಚಿ, ಚುಕ್ಕಿಚುಕ್ಕಿಯಾಗಿ ಒಡೆದ ಚಿತ್ರವನ್ನು ಬೆಳಕಿನಿಂದ ಅದಕ್ಕೆ ಇಳಿಸಿ, ಆಮ್ಲದಲ್ಲಿ ಕೊರೆದು, ಮರದ ತುಂಡಿಗೆ ಮೊಳೆ ಹೊಡೆದರೆ ಬ್ಲಾಕ್ ಸಿದ್ಧ. ಕಲಾಶಾಲೆಯ ಭಾಷೆಯಲ್ಲಿ ಇದು ಫೋಟೊ ಎಚ್ಚಿಂಗ್. ಮದುವೆಯ ಕರೆಯೋಲೆ, ಕೈಚೀಲ, ಬ್ಯಾನರುಗಳ ಸ್ಕ್ರೀನ್ ಪ್ರಿಂಟಿಂಗಿನಲ್ಲೂ ಜಾಲರಿಗೆ ಬೆಳಕುಸೂಕ್ಷ್ಮ ಲೇಪ ಬಳಿದು ಚಿತ್ರ ಇಳಿಸುವುದೇ ಪದ್ಧತಿ. ಆ ಜಾಲರಿ ಈಗ ನೈಲಾನ್ ಅಥವಾ ಪಾಲಿಯೆಸ್ಟರ್, ಮೊದಲು ರೇಷ್ಮೆ. ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಕುಣಿಗಲ್ ಸೀಮೆಗೆ ಈ ಕಲೆಯೊಡನೆ ಹೀಗೊಂದು ದೂರದ ನಂಟೂ ಇದೆ.

ಈ ದಾರಿಗಳನ್ನು ಕೂಡಿಸುವುದೇ ಕಲಾವಿದನ ಪ್ರಯೋಗ. ನೀಲಿ ಅಚ್ಚಿನ ಮೇಲೆ ಲಿನೋ ಅಚ್ಚನ್ನು ಒತ್ತಬಹುದು. ಅಡಿಕೆ ಹಾಳೆ, ನಾರು, ಮರಳನ್ನು ರಟ್ಟಿಗೆ ಅಂಟಿಸಿ ಮಸಿ ಹಚ್ಚಿ ಅಚ್ಚು ತೆಗೆಯಬಹುದು. ಪಡಿಯಚ್ಚಿನ ಕ್ರಮದಲ್ಲಿಯೇ ಹಳೆಯ ಬಾಗಿಲು, ರಾಗಿಕಲ್ಲು, ಒರಳುಗಳ ಮೈಯನ್ನು ಎತ್ತಬಹುದು. ಸಂರಕ್ಷಿತ ಸ್ಮಾರಕಗಳ ಮೇಲೆ ಮಾತ್ರ ಇದು ಸಲ್ಲದು. ಅದಕ್ಕೆ ಇಲಾಖೆಯ ಅನುಮತಿ ಬೇಕು. ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಮುದ್ರಣಕಲೆಯ ವಿಭಾಗವಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಗ್ರಾಫಿಕ್ ಮತ್ತು ಛಾಯಾಚಿತ್ರ ಎರಡೂ ಒಂದೇ ಆವರಣದಲ್ಲಿವೆ.

ಕೈಯಚ್ಚಿನ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ 3/10 ಎಂದು ಬರೆದಿದ್ದರೆ, ಒಟ್ಟು ಹತ್ತು ಪ್ರತಿಗಳಲ್ಲಿ ಇದು ಮೂರನೆಯದು ಎಂದರ್ಥ. ತಗಡನ್ನು ಮತ್ತೆ ಬಳಸದಂತೆ ಗೀಚಿಹಾಕುವ ರೂಢಿಯೂ ಇದೆ. ಗೋಂದಿನ ಅಚ್ಚು, ನೀಲಿ ಅಚ್ಚುಗಳಲ್ಲಿ ಒಂದರಂತೆ ಇನ್ನೊಂದು ಬರುವುದು ಕಷ್ಟವಾದ್ದರಿಂದ ಅನೇಕರು ಒಂದೇ ಪ್ರತಿ ಎಂದು ಬರೆದುಬಿಡುತ್ತಾರೆ. ಕಾಪಾಡುವ ಬಗೆಯೂ ಬೇರೆ ಬೇರೆ. ಎಚ್ಚಿಂಗಿಗೆ ಕಾಗದ ಆಮ್ಲರಹಿತವಾಗಿದ್ದರೆ ಒಳಿತು. ನೀಲಿ ಅಚ್ಚಿಗೆ ಕ್ಷಾರ ತುಂಬಿದ ರಟ್ಟು ಕೆಡುಕು. ಗೋಡೆಯ ಮೇಲೆ ಬೆಳಕಿಗೆ ತೂಗಿ ಮಾಸಿದ ನೀಲಿ ಅಚ್ಚನ್ನು ಕೆಲವು ಕಾಲ ಕತ್ತಲಲ್ಲಿ, ಗಾಳಿಯಾಡುವ ಬೀರುವಿನಲ್ಲಿ ಇಟ್ಟರೆ ಕಳೆದ ನೀಲಿಯ ಬಹುಭಾಗ ತಾನಾಗಿ ಮರಳುತ್ತದೆ.