ಒಂದು ಮೋಲ್, ಒಂದು ದ್ವೀಪ, 205 ಕೋಟಿ ಯೆನ್

ಜಪಾನಿನ ವಿಸ್ತೀರ್ಣ ಸುಮಾರು 3.78 ಲಕ್ಷ ಚದರ ಕಿ.ಮೀ., ಕರ್ನಾಟಕದ ಹತ್ತಿರಹತ್ತಿರ ಎರಡರಷ್ಟು. ಅಷ್ಟು ನೆಲದಲ್ಲಿ ಮೋಲ್ ಕುಟುಂಬದ 8 ಪ್ರಭೇದಗಳಿವೆ. ಸುರಂಗ ತೋಡಿ, ಎರೆಹುಳು ತಿಂದು ಬದುಕುವ ಈ ಪ್ರಾಣಿಗಳಲ್ಲಿ ಯಾವುದು ಎಲ್ಲಿಯವರೆಗೆ ಹರಡಿದೆ ಎಂದು ನಕ್ಷೆ ಬರೆಯುವುದು ಕಷ್ಟದ ಕೆಲಸ. ಮೇಲೆ ಕಾಣುವುದು ಮಣ್ಣಿನ ಗುಡ್ಡೆ ಮಾತ್ರ. ಅದು ಯಾವ ಪ್ರಭೇದದ್ದೆಂದು ಹೇಳಬೇಕಾದರೆ ಪ್ರಾಣಿಯನ್ನು ಹಿಡಿದು ಹಲ್ಲು, ತಲೆಬುರುಡೆ ಅಳೆಯಬೇಕು, ಇಲ್ಲವೇ ಡಿಎನ್‌ಎ ನೋಡಬೇಕು.

ಹೊನ್ಶೂ ದ್ವೀಪದ ಪಶ್ಚಿಮ ಭಾಗ ದೊಡ್ಡ ಗಾತ್ರದ ಕೋಬೆ ಮೋಲ್‌ನದು, ಪೂರ್ವ ಭಾಗ ಅದಕ್ಕಿಂತ ಚಿಕ್ಕ ಪ್ರಭೇದದ್ದು. ದೊಡ್ಡದು ಪೂರ್ವಕ್ಕೆ ಒತ್ತರಿಸುತ್ತ ಬಂದಿರುವುದರಿಂದ ನಡುವಿನ ಗಡಿ ಸರಿಯುತ್ತಲೇ ಇದೆ. ಚಿಕ್ಕದರ ತುಣುಕು ನೆಲೆಗಳು ಪಶ್ಚಿಮದ ಬೆಟ್ಟಗಳಲ್ಲಿ ಇನ್ನೂ ಉಳಿದಿವೆ. ಸುಮಾರು 855 ಚದರ ಕಿ.ಮೀ.ಯ ಸಾದೋ ದ್ವೀಪಕ್ಕೆ ತನ್ನದೇ ಪ್ರಭೇದವಿದೆ.

ಎಲ್ಲಕ್ಕಿಂತ ಕಿರಿದಾದ ನೆಲೆ ಪೂರ್ವ ಚೀನಾ ಸಮುದ್ರದ ಉವೋತ್ಸುರಿ. ಸುಮಾರು 4 ಚದರ ಕಿ.ಮೀ. ದ್ವೀಪ. 1979ರಲ್ಲಿ ಅಲ್ಲಿ ಒಂದು ಹೆಣ್ಣು ಮೋಲ್ ಸಿಕ್ಕಿತು. 1991ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಲಾಯಿತು. ವಿಜ್ಞಾನದ ಕೈಯಲ್ಲಿರುವ ಮಾದರಿ ಅದೊಂದೇ. ನಕ್ಷೆಯಲ್ಲಿ ಮಾತ್ರ ಇಡೀ ದ್ವೀಪಕ್ಕೆ ಬಣ್ಣ ಬಳಿದಿರುತ್ತದೆ, ನೂರಾರು ಮಾದರಿ ಸಿಕ್ಕ ಹೊನ್ಶೂಗೆ ಬಳಿದಷ್ಟೇ ಗಾಢವಾಗಿ. ಇದು ನನಗೆ ಸರಿ ಕಾಣುವುದಿಲ್ಲ.

ಮೋಲ್ ಸಿಗುವ ಹಿಂದಿನ ವರ್ಷ, 1978ರಲ್ಲಿ, ಜಪಾನಿನ ರಾಜಕೀಯ ಗುಂಪೊಂದು ಈ ದ್ವೀಪದಲ್ಲಿ ಒಂದು ಜೋಡಿ ಮೇಕೆ ಬಿಟ್ಟಿತ್ತು. 1991ರ ಹೊತ್ತಿಗೆ ಅವು 300ರಷ್ಟಾಗಿದ್ದವು. ಗಿಡಗಂಟಿ ಮೇಯ್ದು ಮುಗಿಸಿದ ಮೇಲೆ ಮಣ್ಣು ಕೊಚ್ಚಿಹೋಗುತ್ತದೆ. ಮಣ್ಣು ಹೋದಲ್ಲಿ ಎರೆಹುಳುವಿಲ್ಲ, ಎರೆಹುಳುವಿಲ್ಲದಲ್ಲಿ ಮೋಲ್ ಇಲ್ಲ. ಬೋಳಾದ ಇಳಿಜಾರುಗಳು ಉಪಗ್ರಹ ಚಿತ್ರಗಳಲ್ಲೇ ಕಾಣುತ್ತವೆ.

ಉವೋತ್ಸುರಿ ಸೇರಿದಂತೆ 3 ದ್ವೀಪಗಳನ್ನು ಜಪಾನ್ ಸರ್ಕಾರ 2012ರಲ್ಲಿ ಖಾಸಗಿ ಒಡೆಯರಿಂದ ಕೊಂಡಿತು. ಕೊಟ್ಟ ಬೆಲೆ 205 ಕೋಟಿ ಯೆನ್. ಚೀನಾ, ತೈವಾನ್ ಕೂಡ ಹಕ್ಕು ಸಾಧಿಸುವ ಜಾಗವಾದ್ದರಿಂದ ದಡಕ್ಕೆ ಇಳಿಯಲು ಅನುಮತಿ ಸಿಗುವುದಿಲ್ಲ. ಅದೇ ವರ್ಷ ಟೋಕಿಯೊ ಆಡಳಿತದ ತಂಡ ಹಡಗಿನಿಂದಲೇ ಸಮೀಕ್ಷೆ ಮುಗಿಸಿ ಮರಳಬೇಕಾಯಿತು. ದೂರದಿಂದ ಮೇಕೆಯನ್ನು ಎಣಿಸಬಹುದು, ಮಣ್ಣೊಳಗಿನ ಮೋಲನ್ನಲ್ಲ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಪ್ರಭೇದದ ಮುಂದಿರುವ ಷರಾ ‘ಮಾಹಿತಿ ಸಾಲದು’. ಅದನ್ನು ಬದಲಿಸಲು ಕೋಟಿಗಳು ಬೇಡ. ಒಂದು ಚಿಕ್ಕ ತಂಡ, ಒಂದಷ್ಟು ಬೋನು, ದಡಕ್ಕೆ ಇಳಿಯಲು ಮೂರೂ ಕಡೆಯವರ ಒಪ್ಪಿಗೆ ಸಾಕು. ಅಲ್ಲಿಯವರೆಗೆ ನಕ್ಷೆ ಅಚ್ಚು ಹಾಕುವವರು ಆ ಬಣ್ಣದ ಪಕ್ಕದಲ್ಲಿ ‘ಮಾದರಿ 1, ವರ್ಷ 1979’ ಎಂದು ಬರೆಯಲಿ.